ಗುಳ್ಳೆ ಎಣಿಸುತ್ತಿದ್ದ ಅಕ್ಕಾರು

ಲ್ಯಾಬಿನ ಕಿಟಕಿಗೆ ಬಂದು ಅವರು ನನ್ನನ್ನು ಮೊದಲ ಸಲ ಕೇಳಿದ್ದು ಮೂತ್ರ ಪರೀಕ್ಷೆಯ ಪಟ್ಟಿಗಳನ್ನು. ಅದೂ ಅವಧಿ ಮುಗಿದ ಡಬ್ಬಿ ಇದ್ದರೆ ಅದರಿಂದ ನಾಲ್ಕು ಸಾಕು, ಹೊಸದರಿಂದ ಬೇಡ ಎಂದರು.

ನಾನಾಗ ಹುಕ್ಕೇರಿ ಕಡೆಯ ಒಂದು ಸಣ್ಣ ದವಾಖಾನೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿ ತಿಂಗಳೂ ಆಗಿರಲಿಲ್ಲ. ಅವರು ಹೆರಿಗೆ ವಾರ್ಡಿನ ಹಿರಿಯ ನರ್ಸು. ಡಾಕ್ಟರಿಂದ ಹಿಡಿದು ಬಾಗಿಲು ಕಾಯುವವನವರೆಗೆ ಎಲ್ಲರೂ ಅವರನ್ನು ಅಕ್ಕಾರ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

"ಯಾರ್ದು ಚೆಕ್ ಮಾಡಬೇಕ್ರಿ ಅಕ್ಕಾರ?"

"ಮೀನಿಂದು."

ಮುಖದಲ್ಲಿ ನಗುವಿನ ಸುಳಿವಿರಲಿಲ್ಲ. ನಾನು ಪೆದ್ದನಂತೆ ನೋಡುತ್ತಿದ್ದುದನ್ನು ಕಂಡು ಅವರೇ ಬಿಡಿಸಿ ಹೇಳಿದರು. "ಮೀನ ಇರೂ ನೀರಿಂದು, ತಮ್ಮಾ. ನೀರು ಎಷ್ಟ ಹುಳಿ ಐತಿ ನೋಡಬೇಕಾಗೇತಿ. ಪಟ್ಟಿ ಮ್ಯಾಲ ಅದಕ್ಕೊಂದು ಚೌಕ ಇರತೈತಲ್ಲ, ಅದೊಂದ ಸಾಕು."

ಹಳೆಯ ಡಬ್ಬಿಯಿಂದ ನಾಲ್ಕು ಪಟ್ಟಿ ತೆಗೆದುಕೊಟ್ಟೆ. ಅವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, "ಕಸದಾಗ ಹೋಗೂದನ್ನ ಒಯ್ಯಾಕತ್ತೇನಿ. ಯಾರರೆ ಕೇಳಿದರ ನನ್ನ ಹೆಸರ ಹೇಳು" ಎಂದು ವಾರ್ಡಿನ ಕಡೆ ನಡೆದರು. ಯಾರು ಕೇಳುತ್ತಾರೆ? ಆದರೂ ಅವರಿಗೆ ಹಾಗೆ ಹೇಳಿಯೇ ಹೋಗಬೇಕು.

ವಾಚಿನ ಮುಖ ಮಣಿಕಟ್ಟಿನ ಒಳಬದಿಗೆ ಬರುವಂತೆ ಅವರು ಕಟ್ಟಿಕೊಳ್ಳುತ್ತಿದ್ದರು. ಸಲಾಯಿನ್ ಹನಿ ಎಣಿಸುವಾಗ, ನಾಡಿ ಹಿಡಿದಾಗ ಕೈ ತಿರುಗಿಸದೇ ಮುಳ್ಳು ಕಾಣುತ್ತದೆಂದು. ಯಾರದೇ ಕೂಸನ್ನು ಎತ್ತಿಕೊಂಡರೂ ಮೊದಲು ಅದರ ಮಣಿಕಟ್ಟು ಹಿಡಿಯುತ್ತಿದ್ದರು. ಬೇರೆಯವರು ಗಲ್ಲ ಹಿಂಡುವ ಹಾಗೆ ಅವರದು ಅದು. ಮಾತು ಕಡಿಮೆ. ಇದ್ದ ಮಾತಿನಲ್ಲಿ ಅರ್ಧ ಪಾಲು "ಅವಸರಿಲ್ಲ" ಎಂಬುದೊಂದೇ. ನೋವು ತಿನ್ನುತ್ತಿದ್ದ ಹೆಂಗಸಿಗೂ ಅದನ್ನೇ ಹೇಳುತ್ತಿದ್ದರು, ವರಾಂಡದಲ್ಲಿ ಅತ್ತಿತ್ತ ತಿರುಗುತ್ತಿದ್ದ ಗಂಡನಿಗೂ ಅದನ್ನೇ. ವಿಚಿತ್ರವೆಂದರೆ ಅವರು ಹೇಳಿದ ಮೇಲೆ ಆ ಗಂಡಂದಿರು ಕೂತುಬಿಡುತ್ತಿದ್ದರು.

ಆ ಮಾತು ನನ್ನ ಪಾಲಿಗೂ ಒಮ್ಮೆ ಬಂತು. ಒಬ್ಬ ಗರ್ಭಿಣಿಯ ರಕ್ತದ ಗುಂಪನ್ನು ಪಾಸಿಟಿವ್ ಎಂದು ಬರೆದು ಕಳಿಸಿದ್ದೆ. ಹತ್ತು ನಿಮಿಷದಲ್ಲಿ ಅಕ್ಕಾರು ಅದೇ ಚೀಟಿ ಹಿಡಿದು ಬಂದರು. ಆ ಹೆಂಗಸಿನ ಮೊದಲ ಹೆರಿಗೆಯ ಕಾರ್ಡಿನಲ್ಲಿ ನೆಗೆಟಿವ್ ಎಂದಿತ್ತಂತೆ.

"ಇನ್ನೊಮ್ಮೆ ನೋಡು ತಮ್ಮಾ. ಅವಸರಿಲ್ಲ."

"ನೋಡೇನ್ರಿ. ಸರಿ ಐತಿ. ಆ ಕಾರ್ಡ ಬರದಾವ್ರದ ತಪ್ಪಿರಬೇಕು."

ಅವರು ವಾದಿಸಲಿಲ್ಲ. ಹೋಗಲೂ ಇಲ್ಲ. ಕಿಟಕಿಯ ಕಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತರು. ಅವರನ್ನು ಕಳಿಸುವುದಕ್ಕಾಗಿಯೇ ಮತ್ತೆ ಪರೀಕ್ಷೆ ಮಾಡಿದೆ. ನೆಗೆಟಿವ್. ಬೆಳಿಗ್ಗೆ ಎರಡು ನಳಿಕೆಗಳನ್ನು ಅದಲುಬದಲು ಮಾಡಿದ್ದೆ. ಅಂದರೆ ಇನ್ನೊಬ್ಬ ಹೆಂಗಸಿನ ಚೀಟಿಯೂ ತಪ್ಪು. ಅಕ್ಕಾರು ಅದನ್ನೂ ವಾರ್ಡಿನಿಂದ ತಂದರು. ಅವರು ಎರಡೂ ಚೀಟಿ ಹರಿದು, ಹೊಸವು ಬರೆಯುವ ತನಕ ನಿಂತು, ಶಾಯಿ ಆರಿತೇ ಎಂದು ಬೆರಳಿನಿಂದ ಮುಟ್ಟಿ ನೋಡಿ ತೆಗೆದುಕೊಂಡರು.

"ಡಾಕ್ಟರಿಗೆ ಹೇಳ್ತೀರೇನ್ರಿ?" ಎಂದೆ.

"ಏನಂತ ಹೇಳ್ಲಿ? ನೀನ ಬರದಿ, ನೀನ ತಿದ್ದಿದಿ. ಕಾಗದದ ಮ್ಯಾಲ ಇದ್ದಾಗ ಸಿಕ್ಕಿತು, ಪುಣ್ಯಾ."

ಅವತ್ತಿನಿಂದ ಎಷ್ಟೇ ನಳಿಕೆಗಳಿರಲಿ, ಹೆಸರನ್ನು ಎರಡು ಸಲ ಓದದೇ ಕೆಳಗಿಡಬಾರದೆಂದು ಗಟ್ಟಿ ಮಾಡಿಕೊಂಡೆ. ಬಹಳ ವರ್ಷ ನಡೆಸಿಕೊಂಡೂ ಬಂದೆ.

ಪಟ್ಟಿ ಒಯ್ದ ಒಂದು ವಾರಕ್ಕೆ ಅವರು ನನ್ನನ್ನು ಮನೆಗೆ ಕರೆದರು. ಕಣ್ಣಿಗೆ ಪೊರೆ ಬರುತ್ತಿತ್ತು. ಅಕ್ಷರ ಕಾಣುತ್ತಿದ್ದವು, ಆದರೆ ಹಳದಿ ಯಾವುದು ಹಸಿರು ಯಾವುದು ಎಂಬಲ್ಲಿ ತಡವರಿಸುತ್ತಿದ್ದರು. "ಬಣ್ಣಾ ನೀ ನೋಡಿ ಹೇಳು" ಎಂದರು.

ಹುಕ್ಕೇರಿಯ ಸಂತೆ ಬಯಲಿನ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ. ಒಳಗೆ ಕಡಪಾ ಕಲ್ಲಿನ ಮೇಲೆ ಮೂರು ಅಡಿ ಉದ್ದದ ಗಾಜಿನ ತೊಟ್ಟಿ. ಅದನ್ನು ಯಾರೂ ಇಡದಷ್ಟು ತಗ್ಗಿನಲ್ಲಿ ಇಟ್ಟಿದ್ದರು. ನೋಡಬೇಕೆಂದರೆ ನೆಲಕ್ಕೆ ಕೂರಬೇಕು. ಎದುರಿಗೆ ಒಂದು ಬರಿದಾದ ಮಂಚ, ಹಾಸಿಗೆ ಸುತ್ತಿಟ್ಟದ್ದು. ನಾನು ಮಂಚದ ಕಡೆ ನೋಡಿದ್ದನ್ನು ನೋಡಿ ಅವರು ಹೇಳಿದರು.

"ಅವ್ವಂದು. ಒಂದ ಬಾಜೂ ಬಿದ್ದಿತ್ತು, ಮಾತು ಹೋಗಿತ್ತು. ನಾ ಡ್ಯೂಟಿಗೆ ಹೋದರ ದಿನಾ ಪೂರ್ತಿ ಗೋಡಿ ನೋಡಕೋತ ಮಲಗತಿದ್ದಳು. ಗೋಡಿ ಕಡೆ ಏನರೆ ಇಡೂಣಂತ ಇದನ್ನ ಗೋಕಾಕದಿಂದ ತಂದೆ."

ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದದ್ದಂತೆ. ಮೊದಲು ಪ್ಲಾಸ್ಟಿಕ್ ಗಿಡ ಹಾಕಿದ್ದರು. ಆಗ ತಾಯಿ ಕಣ್ಣು ಮುಚ್ಚಿಕೊಂಡು ಬಿಡುತ್ತಿದ್ದರಂತೆ. ಜೀವಂತ ಗಿಡ ನೆಟ್ಟು, ನಡುವೆ ಗಪ್ಪಿ ಮೀನು ಬಿಟ್ಟ ಮೇಲೆ ಆ ಕಣ್ಣು ಮೀನಿನ ಹಿಂದೆ ಓಡಾಡತೊಡಗಿತು. ಐದು ವರ್ಷ ಓಡಾಡಿತು. ಗಪ್ಪಿಗಳು ಉಗುರಿನಷ್ಟು ದೊಡ್ಡವು, ಬೇಗ ಮರಿ ಹಾಕುತ್ತವೆ, ಬೇಗ ಸಾಯುತ್ತವೆ. ನಾನು ನೋಡಿದಾಗ ತಾಯಿ ತೀರಿ ವರ್ಷವಾಗಿತ್ತು. "ಇವು ಅವ್ವ ನೋಡಿದ್ದ ಮೀನಲ್ಲ, ಅವುಗಳ ಮೊಮ್ಮಕ್ಕಳ ಮಕ್ಕಳು" ಎಂದು ಒಂದೊಂದನ್ನೇ ಬೆರಳು ಮಾಡಿ ತೋರಿಸಿದರು. ಪ್ರತಿಯೊಂದರ ತಾಯಿ ಯಾವುದೆಂದು ಅವರಿಗೆ ಗೊತ್ತಿತ್ತು. ಹೆರಿಗೆ ವಾರ್ಡಿನವರಲ್ಲವೇ.

ನಾನು ಪಟ್ಟಿಯನ್ನು ನೀರಿನಲ್ಲಿ ಅದ್ದಿ ಬಣ್ಣ ಹೇಳಿದೆ. ಅವರು ಬರೆದುಕೊಂಡರು. ಅವತ್ತಿನಿಂದ ಆ ನೀರಿನ ಬಣ್ಣ ಹೇಳುವ ಕೆಲಸ ನನ್ನದಾಯಿತು.

ನಿವೃತ್ತಿಯ ದಿನವೂ ಅವರು ಡ್ಯೂಟಿ ಮಾಡಿದರು. ಹಾರ, ಶಾಲು ತಂದಿಟ್ಟುಕೊಂಡು ನಾವೆಲ್ಲ ಕಾಯುತ್ತಿದ್ದರೆ ಅವರು ಒಂದು ಹೆರಿಗೆ ಮುಗಿಸಿ, ಕೈ ಒರೆಸಿಕೊಳ್ಳುತ್ತ ಬಂದರು. ಎರಡು ಮಾತಾಡಿರಿ ಎಂದಾಗ, "ಹೆಣ್ಣ ಕೂಸು, ಎರಡೂಮುಕ್ಕಾಲು ಕಿಲೋ. ತಾಯಿ ಆರಾಮ ಅದಾಳ" ಎಂದು ಕೂತುಬಿಟ್ಟರು. ಜನ ನಕ್ಕರು. ಅವರು ನಗಿಸಲು ಹೇಳಿದ್ದಲ್ಲ.

ಆಮೇಲೆ ಮೂಡಲಗಿಗೆ ಹೋದರು. ಅದು ಅವರ ತಾಯಿಯ ತವರು; ಆದರೆ ತವರಿನವರು ಯಾರೂ ಅಲ್ಲಿ ಉಳಿದಿರಲಿಲ್ಲ. ಅಂಗಡಿ ಇಟ್ಟುಕೊಂಡ ಒಂದು ಲಿಂಗಾಯತ ಕುಟುಂಬದ ಹಿತ್ತಿಲ ಮನೆಯನ್ನು ಬಾಡಿಗೆ ಹಿಡಿದರು. ಅದೇ ವರ್ಷ ನಾನು ಗೋಕಾಕದ ಒಂದು ಖಾಸಗಿ ಲ್ಯಾಬಿಗೆ ಸೇರಿದೆ. ನಮ್ಮೂರು ಕುಲಗೋಡ, ತಂದೆ ಇನ್ನೂ ಕುರಿ ಕಾಯುತ್ತಾರೆ, ತಮ್ಮ ಕಬ್ಬು ಹಚ್ಚಿದ್ದಾನೆ. ಒಂದು ರವಿವಾರ ಬಿಟ್ಟು ಒಂದು ರವಿವಾರ ಊರಿಗೆ ಹೋಗುವಾಗ ಮೊದಲು ಮೂಡಲಗಿಗೆ ಹೋಗಿ, ಮಧ್ಯಾಹ್ನದವರೆಗೆ ಅವರ ಮನೆಯಲ್ಲಿದ್ದು, ಅಲ್ಲಿಂದ ಊರ ಬಸ್ಸು ಹಿಡಿಯುವುದು ರೂಢಿಯಾಯಿತು.

ಹೋದಾಗಲೆಲ್ಲ ಅವರು ಒಂದೆರಡು ನಿಮಿಷ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಮೊದಮೊದಲು ನೆಗಡಿ ಎಂದುಕೊಂಡೆ. ಆಮೇಲೆ ತಿಳಿಯಿತು, ವಾರಗಟ್ಟಲೆ ಮಾತಾಡದ ಗಂಟಲು ಅದು. ಒಮ್ಮೆ ಅವರೇ ಹೇಳಿದರು: "ಇಲ್ಲಿ ನನಗ ಏನಂತ ಕರೀಬೇಕಂತ ಯಾರಿಗೂ ಗೊತ್ತಿಲ್ಲ ತಮ್ಮಾ. ಹಿತ್ತಲ ಮನಿಯವರು ಅಂತಾರ."

ಮೂಡಲಗಿಯ ಬೋರ್‌ವೆಲ್ ನೀರು ಗಡುಸು. ತೊಟ್ಟಿಯ ಗಿಡಗಳು ಬಿಳಿಚಿಕೊಂಡವು, ಎಲೆಗೆ ಕರಿ ಪಾಚಿ ಹತ್ತಿತು. ಅವರು ಮೊಬೈಲಿನಲ್ಲಿ ತಿಂಗಳುಗಟ್ಟಲೆ ಹುಡುಕಿ, ಭಾಷೆ ತಿಳಿಯದ ವಿಡಿಯೋಗಳನ್ನು ಅಲ್ಲಲ್ಲಿ ನಿಲ್ಲಿಸಿ ಚಿತ್ರ ಬರೆದುಕೊಂಡು, ನೀರೊಳಗಿನ ಗಿಡಕ್ಕೆ ಇಂಗಾಲದ ಗ್ಯಾಸು ಸಾಲುತ್ತಿಲ್ಲ ಎಂದು ಪತ್ತೆ ಹಚ್ಚಿದರು. ಸಿಲಿಂಡರ್ ಸಮೇತ ಸಾಮಾನು ಸಿಗುತ್ತದೆ, ತರಲೇ ಎಂದೆ. ಸಿಡಿಯುವಂಥದ್ದು ಮನೆಯಲ್ಲಿ ಬೇಡ ಎಂದರು. ಮನೆಯಲ್ಲೇ ಮಾಡಲು ನಿಂತರು.

ಉಪಾಯ ಸರಳ. ತಂಪು ಪಾನೀಯದ ದೊಡ್ಡ ಬಾಟಲಿಯಲ್ಲಿ ಬೆಲ್ಲದ ನೀರು. ಬೆಲ್ಲ ನಾನು ಕುಲಗೋಡದಿಂದ ತಂದದ್ದು. ಅದಕ್ಕೆ ಬೇಕರಿಯವರು ಬ್ರೆಡ್ಡು ಉಬ್ಬಿಸಲು ಹಾಕುವ ಈಸ್ಟ್. ಬೆಲ್ಲ ಹುಳಿತು ಗ್ಯಾಸು ಏಳುತ್ತದೆ. ಸಲಾಯಿನ್ ನಳಿಕೆ ಅದನ್ನು ತೊಟ್ಟಿಗೆ ಒಯ್ಯುತ್ತದೆ. ನಡುವೆ, ಹನಿ ಬೀಳುವುದು ಕಾಣುವ ಆ ಪುಟ್ಟ ಕೊಳವೆಯಲ್ಲಿ ಅರ್ಧ ನೀರು ತುಂಬಿದರೆ ಗುಳ್ಳೆಗಳು ಒಂದೊಂದಾಗಿ ಏಳುತ್ತವೆ, ನಿಮಿಷಕ್ಕೆ ಎಷ್ಟೆಂದು ಎಣಿಸಬಹುದು. ಕೊನೆಯಲ್ಲಿ, ತೊಟ್ಟಿಯೊಳಗೆ ಬೋರಲು ನಿಲ್ಲಿಸಿದ ಇನ್ನೊಂದು ಬಾಟಲಿ. ಸಣ್ಣ ಪಂಪು ಅದರೊಳಗೆ ನೀರನ್ನು ಮೇಲಿನಿಂದ ಕೆಳಕ್ಕೆ ನೂಕುತ್ತದೆ, ಗುಳ್ಳೆ ಕೆಳಗಿನಿಂದ ಮೇಲಕ್ಕೆ ಏಳಲು ನೋಡುತ್ತದೆ. ಈ ಗುದ್ದಾಟದಲ್ಲಿ ಗ್ಯಾಸು ನೀರಿನಲ್ಲಿ ಕರಗುತ್ತದೆ. ಈ ಕೊನೆಯ ಬಾಟಲಿಗೆ ಅವರು ರಿಯಾಕ್ಟರ್ ಎನ್ನುತ್ತಿದ್ದರು, ಯಾವುದೋ ಹೊಸ ಔಷಧಿಯ ಹೆಸರು ಹೇಳಿದ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ.

ದವಾಖಾನೆಯಲ್ಲಿ ಬಳಸಿ ಬಿಸಾಡಿದ ನಳಿಕೆ ಮುಟ್ಟುವವರಲ್ಲ. ಮೂಡಲಗಿಯ ಔಷಧಿ ಅಂಗಡಿಯಲ್ಲಿ ಹೊಸ ಸಲಾಯಿನ್ ಸೆಟ್ ಕೊಂಡರು. ಅಂಗಡಿಯವನು, "ಮನ್ಯಾಗ ಯಾರಿಗೆ ಆರಾಮಿಲ್ರಿ?" ಎಂದನಂತೆ. "ಮನ್ಯಾಗ ಯಾರೂ ಇಲ್ಲ" ಎಂದು ಬಂದರಂತೆ. ಹಿತ್ತಿಲ ಮನೆಯವರು ತಮಗೆ ತಾವೇ ಸಲಾಯಿನ್ ಏರಿಸಿಕೊಳ್ಳುತ್ತಾರೆ ಎಂದು ಓಣಿಯಲ್ಲಿ ಸುದ್ದಿಯಾಯಿತು. ಅದನ್ನು ಅವರು ತಿದ್ದಲು ಹೋಗಲಿಲ್ಲ.

ಮೊದಲ ದಿನ ಒಂದು ಗುಳ್ಳೆಯೂ ಏಳಲಿಲ್ಲ. ಬಾಟಲಿಯೊಳಗೆ ನೊರೆ ಕುದಿಯುತ್ತಿದೆ, ಕೊಳವೆಯಲ್ಲಿ ನೀರು ಅಲುಗಾಡುತ್ತಿಲ್ಲ. ನಾನು ಈಸ್ಟ್ ಕೆಟ್ಟಿದೆ ಎಂದೆ. ಅವರು ಒಪ್ಪಲಿಲ್ಲ. "ರೋಗಿ ಉಸಿರಾಡಾಕತ್ತಾನ, ಮಾಸ್ಕದಾಗ ಬರವಲ್ದು ಅಂದ್ರ ಮೊದಲ ಜೋಡಣಿ ನೋಡಬೇಕು" ಎನ್ನುತ್ತ ಸಾಬೂನಿನ ನೊರೆ ಮಾಡಿ ಪ್ರತಿ ಸಂದಿಗೂ ಹಚ್ಚಿದರು. ಬಾಟಲಿಯ ಬಿರಡೆಯಲ್ಲಿ ನಳಿಕೆ ತೂರಿಸಿದ ಕಡೆ ನೊರೆ ಪುಟಿಯಿತು. ಅಂಟು ಹಚ್ಚಿದೆವು, ಆ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯಲಿಲ್ಲ. ಎರಡು ರವಿವಾರ ಅದರಲ್ಲೇ ಹೋಯಿತು. ಕಡೆಗೆ ಅವರು ಹೊಸ ಬಿರಡೆಗೆ ನಳಿಕೆಗಿಂತ ಸಣ್ಣ ತೂತು ಕೊರೆದರು, ನಳಿಕೆಯ ತುದಿಯನ್ನು ಓರೆಯಾಗಿ ಕತ್ತರಿಸಿದರು, ಇಕ್ಕುಳದಿಂದ ಆ ತುದಿಯನ್ನು ಹಿಡಿದು ಇನ್ನೊಂದು ಬದಿಗೆ ಎಳೆದರು. ನಳಿಕೆ ತೂತಿನಲ್ಲಿ ಬಿಗಿಯಾಗಿ ಕೂತಿತು. ಅಂಟು ಬೇಕಾಗಲೇ ಇಲ್ಲ. ನೊರೆ ಪುಟಿಯಲಿಲ್ಲ. ಎಳೆಯುವಾಗ ಅವರ ಮುಖದಲ್ಲಿ ವಾರ್ಡಿನಲ್ಲಿದ್ದಾಗಿನ ಮುಖ ಬಂದಿತ್ತು.

ಮುಂದಿನ ಸಲ ಹೋದಾಗ ಛಾವಣಿಯ ಮೇಲೆ ಕಂದು ಬಣ್ಣದ ದೊಡ್ಡ ಕಲೆ, ಗೋಡೆಯುದ್ದಕ್ಕೂ ಇರುವೆ ಸಾಲು. ಗುಳ್ಳೆ ಜಾಸ್ತಿಯಾಯಿತೆಂದು ಸಲಾಯಿನ್ನಿಗೆ ಮಾಡುವ ಹಾಗೆ ನಳಿಕೆಯ ಗಾಲಿ ತಿರುಗಿಸಿ ಬಿಗಿ ಮಾಡಿದ್ದರು. ಸಲಾಯಿನ್ ಬಾಟಲಿ ತಡೆದರೆ ಸುಮ್ಮನಿರುತ್ತದೆ, ಈಸ್ಟ್ ಸುಮ್ಮನಿರುವುದಿಲ್ಲ. ಒಳಗೆ ಒತ್ತಡ ಏರಿ ಬಿರಡೆ ಹಾರಿ ಛಾವಣಿಗೆ ಬಡಿದಿತ್ತು.

"ಸಿಡಿಯೂದು ಬ್ಯಾಡ ಅಂದಿದ್ರಿ" ಎಂದೆ.

ಅವರು ಛಾವಣಿ ನೋಡಿ ನಕ್ಕರು. ಅವರು ಬಾಯಿಬಿಟ್ಟು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಇದು ನಮ್ಮ ಮಾತು ಕೇಳೂದಲ್ಲ. ಕಮ್ಮಿ ಬೇಕಂದ್ರ ಮೊದಲ ಈಸ್ಟ್ ಕಮ್ಮಿ ಹಾಕಬೇಕು. ಶುರು ಆದ ಮ್ಯಾಲ ತಡಿಯಾಕ ಬರೂದಿಲ್ಲ" ಎಂದರು.

ಆಮೇಲೆ ಉಳಿದದ್ದು ರಿಯಾಕ್ಟರು. ಅದರ ತಲೆಯಲ್ಲಿ ಗ್ಯಾಸು ಕರಗದೇ ಕೂಡಿಕೊಳ್ಳುತ್ತಿತ್ತು, ಪಂಪು ಗೊರಗೊರ ಎನ್ನುತ್ತಿತ್ತು. ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ನಾರನ್ನು ಒಳಗೆ ತುರುಕಿ, ಗುಳ್ಳೆ ಅದರಲ್ಲಿ ಸಿಕ್ಕು ಸಣ್ಣದಾಗುವಂತೆ ಮಾಡಿದರು. ಪ್ರತಿ ಬದಲಾವಣೆಯ ಮೇಲೂ ಗುಳ್ಳೆ ಎಣಿಸಬೇಕು. ಅವರು ನೆಲಕ್ಕೆ ಕೂತು, ವಾಚು ನೋಡುತ್ತ, ತುಟಿ ಅಲ್ಲಾಡಿಸದೇ ಪೂರ್ತಿ ಒಂದು ನಿಮಿಷ ಎಣಿಸುತ್ತಿದ್ದರು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬಹುದಲ್ಲ ಎಂದರೆ, "ಉಳಿದ ಅರ್ಧ ನಿಮಿಷದಾಗ ಏನಾತು ಅಂತ ಹೆಂಗ ತಿಳೀಬೇಕು?" ಎನ್ನುತ್ತಿದ್ದರು.

ಹಾಗೆ ಎಣಿಸಿ ಬರೆದಿಟ್ಟ ಒಂದು ಮಧ್ಯಾಹ್ನ, ನಾನು ಕೇಳದೇ ಒಂದು ಸಂಗತಿ ಹೇಳಿದರು. ಅವರಿಗೆ ಹದಿನೇಳಕ್ಕೆ ಯಮಕನಮರಡಿಗೆ ಮದುವೆ ಮಾಡಿಕೊಟ್ಟಿದ್ದರಂತೆ. ಮೂರು ವರ್ಷಕ್ಕೆ ಗಂಡ ಬೇರೊಬ್ಬಳನ್ನು ತಂದ. ಇವರು ತವರಿಗೆ ಮರಳಿ ನರ್ಸಿಂಗ್ ಕಲಿತರು. ಬಹಳ ವರ್ಷಗಳ ಮೇಲೆ ಒಬ್ಬ ಮುದುಕ ತನ್ನ ಮಗಳನ್ನು ಹೆರಿಗೆಗೆ ಕರೆತಂದ. ಕಷ್ಟದ ಹೆರಿಗೆ. ಇವರು ಎರಡು ಪಾಳಿ ಸೇರಿಸಿ ನಿಂತು ತಾಯಿ, ಮಗು ಇಬ್ಬರನ್ನೂ ಉಳಿಸಿಕೊಂಡರು. ಹೊರಗೆ ಬಂದಾಗ ಆ ಮನುಷ್ಯ ಕೈಮುಗಿದು, "ಭಾಳ ಉಪಕಾರ ಆತ್ರಿ ಬಾಯಾರ" ಎಂದ.

"ಅವರ ಇದ್ರು" ಎಂದರು ಅಕ್ಕಾರು. "ಎದರಾ ಎದರ ನಿಂತಿದ್ರು. ಗುರ್ತು ಸಿಗಲಿಲ್ಲ ಅವರಿಗೆ."

"ನೀವು ಹೇಳಬೇಕಿತ್ರಿ."

"ಏನಂತ ಹೇಳ್ಲಿ?" ಎಂದು ಮತ್ತೆ ವಾಚು ನೋಡಿ ಎಣಿಸತೊಡಗಿದರು.

ಆ ಬೇಸಿಗೆಯ ಒಂದು ರವಿವಾರ ಎಲ್ಲ ಕೂಡಿಬಂತು. ಜೋಡಣೆ ಸೋರಲಿಲ್ಲ, ರಿಯಾಕ್ಟರು ಗೊರಗುಟ್ಟಲಿಲ್ಲ, ಒಂದು ಗುಳ್ಳೆಯೂ ನೀರಿನ ಮೇಲೆ ಬಂದು ಒಡೆಯಲಿಲ್ಲ. ದವಾಖಾನೆ ಬಿಡುವಾಗ ನಾನು ತಂದುಕೊಟ್ಟಿದ್ದ ಆ ಅವಧಿ ಮುಗಿದ ಡಬ್ಬಿಯಿಂದ ಅಕ್ಕಾರು ಪಟ್ಟಿಯೊಂದನ್ನು ತೆಗೆದು ನನ್ನ ಕೈಗೆ ಕೊಟ್ಟರು. ನೀರಿನಲ್ಲಿ ಗ್ಯಾಸು ಕರಗಿದಷ್ಟೂ ಹುಳಿ ಏರುತ್ತದೆ, ಚೌಕ ಹಸಿರಿನಿಂದ ಹಳದಿಗೆ ತಿರುಗಬೇಕು. ಅದ್ದಿದೆ. ಹಸಿರಾಗಿಯೇ ಇತ್ತು.

"ಗ್ಯಾಸ್ ಸಾಲವಲ್ದು ಅಕ್ಕಾರ. ಈಸ್ಟ್ ಇನ್ನೊಂದು ಚಮಚ ಹಾಕ್ರಿ."

"ಗುಳ್ಳಿ ಬರೋಬರಿ ಬರಾಕತ್ತಾವಲ್ಲ? ಸಂಜಿಗೆ ಇನ್ನೊಮ್ಮೆ ನೋಡೂಣೇನು?"

ಸಂಜೆವರೆಗೆ ಕೂರಲು ನನಗೆ ಮನಸ್ಸಿರಲಿಲ್ಲ. ಊರಲ್ಲಿ ನನಗಾಗಿ ಹೆಣ್ಣಿನ ಕಡೆಯವರು ಬರುವವರಿದ್ದರು. "ಬ್ಯಾಡ್ರಿ, ಬಣ್ಣಾ ಚೊಲೊತ್ನಾಗಿ ನೋಡೇನಿ" ಎಂದು ನಾನೇ ಚಮಚ ತುಂಬಿ ಬಾಟಲಿಗೆ ಹಾಕಿ ಬಸ್ಸಿಗೆ ಓಡಿದೆ.

ಮರುದಿನ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆರೆಯುವಷ್ಟರಲ್ಲಿ ಅವರ ಫೋನು ಬಂತು.

"ತಮ್ಮಾ, ಮೀನು ಮ್ಯಾಲ ಬಂದು ಬಾಯಿ ಬಿಡಾಕತ್ತಿದ್ದುವು. ನಳಿಕಿ ತಗದೆ. ಅರ್ಧ ನೀರು ಬದಲಿ ಮಾಡಿದೆ."

"ಎಷ್ಟ ಅದಾವ್ರಿ ಈಗ?"

"ಹತ್ತೊಂಬತ್ತು ಇದ್ದುವು. ಎರಡ ಅದಾವು. ಎರಡೂ ಗಂಡು."

ಗ್ಯಾಸು ಮೊದಲೇ ಸಾಕಷ್ಟಿತ್ತು. ಕತ್ತಲಾದ ಮೇಲೆ ಗಿಡಗಳು ಅದನ್ನು ಎಳೆದುಕೊಳ್ಳುವುದಿಲ್ಲ, ಈಸ್ಟ್ ನಿಲ್ಲುವುದಿಲ್ಲ, ಮೇಲೆ ನಾನು ಇನ್ನೊಂದು ಚಮಚ ಹಾಕಿ ಬಂದಿದ್ದೆ. ನನ್ನ ಚೀಲದಲ್ಲಿ ಉಳಿದಿದ್ದ ಅದೇ ಡಬ್ಬಿಯ ಪಟ್ಟಿಗಳಲ್ಲಿ ಒಂದನ್ನು ಲ್ಯಾಬಿನಲ್ಲಿ ನಿಂಬೆಹಣ್ಣಿನ ರಸದಲ್ಲಿ ಅದ್ದಿದೆ. ಹಸಿರು. ಇನ್ನೊಂದನ್ನು ಅದ್ದಿದೆ. ಹಸಿರು. ಪಟ್ಟಿ ಯಾವತ್ತೋ ಸತ್ತಿತ್ತು. ಹೀಗೆ ನಿಂಬೆರಸದಲ್ಲಿ ನೋಡುವುದಕ್ಕೆ ಒಂದು ನಿಮಿಷವೂ ಬೇಕಾಗುವುದಿಲ್ಲ. ನಾನು ಕಲಿತ ವಿದ್ಯೆಯಲ್ಲಿ ಅದು ಮೊದಲನೆಯ ಪಾಠ.

ಸಂಜೆ ಫೋನು ಮಾಡಿ, "ತಪ್ಪು ನಂದ್ರಿ ಅಕ್ಕಾರ" ಎಂದೆ.

"ಹಳೇ ಪಟ್ಟಿ ಬೇಡಿದಾಕಿ ನಾನ. ನಿಂದೇನೈತಿ ಅದರಾಗ? ಬರೂ ರವಿವಾರ ಬಾ, ಪಂಪಿನ ಪೈಪು ಬದಲ ಮಾಡೂದೈತಿ."

ಬರುತ್ತೇನೆ ಎಂದೆ. ಹೋಗಲಿಲ್ಲ.

ಆ ರವಿವಾರ ಮೈಯಲ್ಲಿ ಹುಷಾರಿಲ್ಲ ಎಂದುಕೊಂಡೆ. ಅದರಾಚೆಯ ರವಿವಾರ ಬಸ್ಸು ತಪ್ಪಿತು. ಆಮೇಲೆ ಮದುವೆ ಗೊತ್ತಾಯಿತು, ಓಡಾಟ ಶುರುವಾಯಿತು. ಇವೆಲ್ಲ ಖರೆಯೇ. ಆದರೆ ಇವು ಯಾವುವೂ ಕಾರಣವಲ್ಲ. ಅವರು ಬೈದಿದ್ದರೆ ಹೋಗುತ್ತಿದ್ದೆ. ಅವರು ಬೈಯುವುದಿಲ್ಲ, ಚಹಾ ಕೊಡುತ್ತಾರೆ, ಆ ತೊಟ್ಟಿಯ ಮುಂದೆ ನೆಲಕ್ಕೆ ಕೂತು ಎರಡು ಗಂಡು ಮೀನನ್ನು ನೋಡಬೇಕು. ತಾಯಿಯ ಕಣ್ಣು ಐದು ವರ್ಷ ಯಾವುದರ ಹಿಂದೆ ಓಡಾಡಿತ್ತೋ ಅದರ ಕುಲವನ್ನೇ ನಾನು ಬಸ್ಸು ಹಿಡಿಯುವ ಅವಸರದಲ್ಲಿ ಮುಗಿಸಿದ್ದೆ. ಆ ಕೋಣೆಯಲ್ಲಿ ಕೂರುವ ಧೈರ್ಯ ನನಗಿರಲಿಲ್ಲ. ಊರಿಗೆ ನೇರ ಬಸ್ಸು ಹಿಡಿಯತೊಡಗಿದೆ.

ಮದುವೆಗೆ ಕರೆದೆ, ಫೋನಿನಲ್ಲಿ. ಅವರು ಬರಲಿಲ್ಲ. ಮಗಳು ಹುಟ್ಟಿದಾಗ ಕುಲಗೋಡದ ಯಾರದೋ ಕೈಯಲ್ಲಿ ಒಂದು ಉಲ್ಲನ್ ಟೋಪಿ ಕಳಿಸಿದರು. ಹೆಣಿಗೆಯಲ್ಲಿ ಒಂದೆರಡು ಕಡೆ ಎಳೆ ತಪ್ಪಿತ್ತು. ಕಣ್ಣು ಇನ್ನೂ ಮಂಜಾಗಿರಬೇಕು. ಫೋನು ಮಾಡಿದೆ. ಯಾರ ಹಾಗೆ ಇದ್ದಾಳೆ ಎಂದು ಎಲ್ಲರೂ ಕೇಳುತ್ತಿದ್ದ ದಿನಗಳವು. ಅವರು ಕೇಳಿದ್ದು, "ತೂಕ ಎಷ್ಟೈತಿ?"

"ಮೂರ ಕಿಲೋಕ್ಕ ಸ್ವಲ್ಪ ಕಮ್ಮಿ ರಿ."

"ಚೊಲೊ ಆತು."

"ಕರಕೊಂಡ ಬರ್ತೀನ್ರಿ ಅಕ್ಕಾರ ಒಂದಿನ."

"ಬಾ. ಅವಸರಿಲ್ಲ."

ಗೋಕಾಕದ ತರಕಾರಿ ಪೇಟೆಯಲ್ಲಿ ಹಳೆಯ ದವಾಖಾನೆಯ ಆಯಾ ಸಿಕ್ಕಾಗ ಮಗಳಿಗೆ ಮೂರು ವರ್ಷ. ಆಯಾ ಮೆಂತ್ಯೆಯ ಸೂಡು ಆರಿಸುತ್ತ, ನನಗೆ ಗೊತ್ತಿರಬಹುದೆಂದೇ ತಿಳಿದು, "ಅಕ್ಕಾರು ಹೋಗಿ ಎರಡ ತಿಂಗಳಾತು ನೋಡ್ರಿ" ಎಂದಳು. ನಾನು ತಲೆಯಾಡಿಸಿದೆ. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು.

ಅದರ ಮರುದಿನವೇ ರವಿವಾರ. ಮೂಡಲಗಿಗೆ ಹೋದೆ. ಹಿತ್ತಿಲ ಮನೆಗೆ ಬೀಗ. ಮಾಲಕರ ಸೊಸೆ ಕೀಲಿ ತಂದು ತೆಗೆದಳು. ಯಮಕನಮರಡಿ ಕಡೆಯಿಂದ ದೂರದ ನೆಂಟರು ಯಾರೋ ಬಂದು ಮಂಚ, ಕಪಾಟು, ಗಾಜಿನ ತೊಟ್ಟಿ ಎಲ್ಲ ಒಯ್ದಿದ್ದರಂತೆ. ಕಡಪಾ ಕಲ್ಲು ಮಾತ್ರ ಇತ್ತು. ಗೋಡೆಯ ಮೊಳೆಗೆ ಬಿರಡೆ ಸಮೇತ ಬಾಟಲಿ, ನಳಿಕೆ ತೂಗುತ್ತಿದ್ದವು.

"ಆ ಸಲಾಯಿನ್ ಮುಟ್ಟಾಕ ಅಂಜಿಕಿ ಆತ್ರಿ, ಅದಕ್ಕ ಹಂಗ ಬಿಟ್ಟೇವಿ" ಎಂದಳು ಆಕೆ.

"ತೊಟ್ಟಿಯಾಗ ಮೀನು ಎಷ್ಟಿದ್ದುವ್ರಿ?"

"ಮೀನ ಎಲ್ಲಿದ್ದುವ್ರಿ? ಎರಡ ಇದ್ದುವು, ಅವೂ ಸತ್ತ ಭಾಳ ದಿನಾ ಆತು. ಬರೇ ಗಿಡ. ಏನ ಹಸಿರ ಬೆಳದಿದ್ದುವು ಅಂತೀರಿ. ಮೀನ ತಂದ ಬಿಡ್ರಿ ಅಂದರ, ಬ್ಯಾಡ ಅಂತಿದ್ರು. ಮುಂಜಾನಿ ಎದ್ದು ಗುಳ್ಳಿ ಎಣಸೂದು, ಬರಕೊಳ್ಳೂದು. ಅದನ್ನ ಯಾರಿಗೆ ತೋರಸ್ತಿದ್ರೋ ಏನೋ."

ರಿಯಾಕ್ಟರು ಕೆಲಸ ಮಾಡಿತ್ತು. ನಾನಿಲ್ಲದೇ, ಪಟ್ಟಿಯಿಲ್ಲದೇ, ಎಣಿಸಿ ಎಣಿಸಿಯೇ ಅವರು ಅದನ್ನು ಸರಿಗೆ ತಂದಿದ್ದರು.

ಕಾಯಿಲೆಯ ಸುದ್ದಿ ಕೇಳಿದೆ. ರಕ್ತ ಕಡಿಮೆಯಾಗಿತ್ತಂತೆ, ಸುಸ್ತು ಎನ್ನುತ್ತಿದ್ದರಂತೆ. ಯಾರನ್ನೂ ಜತೆಗೆ ಕರೆಯದೇ ಒಬ್ಬರೇ ಬಸ್ಸು ಹತ್ತಿ ತಪಾಸಣೆಗೆ ಹೋಗಿ ಬರುತ್ತಿದ್ದರಂತೆ. ಒಂದು ಮುಂಜಾನೆ ಬಾಗಿಲು ತೆಗೆಯಲಿಲ್ಲ, ಅಷ್ಟೇ. ಆಕೆ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದುಕೊಟ್ಟಳು. ದವಾಖಾನೆಯ ಕಾಗದಗಳು, ನೆಂಟರು ಬೇಡವೆಂದು ಬಿಟ್ಟು ಹೋದದ್ದು. ನಡುವೆ ಒಂದು ಲಕೋಟೆ ಇತ್ತು. ಅದು ನಮ್ಮ ಲ್ಯಾಬಿನದು. ಒಳಗಿನ ವರದಿಯ ಕೆಳಗೆ ನನ್ನ ಸಹಿ.

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ರಿಜಿಸ್ಟರ್ ತೆಗೆದೆ. ಐದು ತಿಂಗಳ ಹಿಂದಿನ ಒಂದು ಮಂಗಳವಾರ. ಅವರ ಹೆಸರು, ವಯಸ್ಸು, ಊರು ಮೂಡಲಗಿ. ಹಿಮೋಗ್ಲೋಬಿನ್ ತೀರ ಕಡಿಮೆ. ಬಿಳಿ ಕಣಗಳು ಇರಬಾರದಷ್ಟು ಹೆಚ್ಚು. ಎಲ್ಲ ನನ್ನದೇ ಅಕ್ಷರ. ಅಂಥ ರಕ್ತ ಕಂಡರೆ ಕೆಂಪು ಗೆರೆ ಎಳೆಯುವುದು ನಮ್ಮ ಪದ್ಧತಿ; ಅದನ್ನೂ ಸ್ಕೇಲಿಟ್ಟು ನೇರವಾಗಿ ಎಳೆದಿದ್ದೆ. ಇಷ್ಟು ವರ್ಷ ಅಕ್ಕಾರ ಎಂದು ಕರೆದವನು ನಾನು. ಅವರ ಹೆಸರನ್ನು ಕೈಯಾರೆ ಬರೆದದ್ದು ಅದೊಂದೇ ಸಲ, ಮತ್ತು ಬರೆಯುವಾಗ ಅದು ಯಾರ ಹೆಸರೆಂದು ನನಗೆ ಹೊಳೆಯಲಿಲ್ಲ.

ನಮ್ಮಲ್ಲಿ ರಕ್ತ ತೆಗೆಯುವುದು ಶಾಂತವ್ವ, ಐವತ್ತು ದಾಟಿದ ಹೆಂಗಸು. ಅವಳು ಹೊರಗೆ ಕೂಡುತ್ತಾಳೆ, ನಾನು ಗಾಜಿನ ಗೋಡೆಯ ಒಳಗೆ. ಅವಳು ಬಂದ ಕೂಡಲೇ ಆ ಸಾಲಿನ ಮೇಲೆ ಬೆರಳಿಟ್ಟು, ಇವರ ನೆನಪಿದೆಯೇ ಎಂದು ಕೇಳಿದೆ.

"ಮೂಡಲಗಿಯವರಲ್ರಿ ಸರ? ನೆನಪೈತ್ರಿ. ನರ ಸಿಗವಲ್ದಾಗಿತ್ತು. ಇಲ್ಲಿ ಹಾಕು ಅಂತ ತಾವ ಬೆರಳ ಇಟ್ಟ ತೋರಿಸಿದ್ರು. ಆಮ್ಯಾಲೆ ಗಾಜಿನೊಳಗ ನಿಮ್ಮನ್ನ ನೋಡಿ, ಒಳಗ ಕುಂತಾಂವ ನಮ್ಮ ತಮ್ಮ ಅಂದ್ರು. ಖರೇನ ಅಕ್ಕಾರ ಇರಬೇಕಂತ ನಾ ತಿಳಕೊಂಡೆ. ಕರೀಲೇನ್ರಿ ಅಂದೆ."

"ಏನಂದ್ರು?"

"ನೀವು ಮೈಕ್ರೋಸ್ಕೋಪಿನ್ಯಾಗ ನೋಡಾಕತ್ತಿದ್ರಿ. ಬ್ಯಾಡ, ಎಣಸಾಕತ್ತಾನ, ನಡುವ ಕರದರ ತಪ್ಪತೈತಿ ಅಂದ್ರು."

"ಆಮ್ಯಾಲೆ?"

"ಆಮ್ಯಾಲೆ ಏನಿಲ್ರಿ. ಆ ಬೆಂಚಿನ ಮ್ಯಾಲ ನಿಮ್ಮ ಕಡೆ ಮುಖಾ ಮಾಡಿ ಕುಂತ್ರು. ರಿಪೋರ್ಟ ಕೊಟ್ಟೆ. ಓದಿ ಮಡಚಿ ಚೀಲದಾಗ ಇಟಕೊಂಡ್ರು. ಎದ್ದು ಹೋಗತಾರ ಅಂದರ ಹೋಗಲಿಲ್ಲ, ಮತ್ತೂ ಸ್ವಲ್ಪ ಹೊತ್ತು ಕುಂತಿದ್ರು. ಕಡೀಕ ಮೂಡಲಗಿ ಬಸ್ಸು ಎಷ್ಟಕ್ಕೈತಿ ಅಂತ ಕೇಳಿ ಹೋದ್ರು."

ಶಾಂತವ್ವ ಕೈಗವಸು ಹಾಕಿಕೊಂಡು ತನ್ನ ಜಾಗಕ್ಕೆ ಹೋದಳು. ಅವತ್ತಿನ ಮೊದಲ ರೋಗಿ ಬಂದು ಆ ಬೆಂಚಿನ ಮೇಲೆ ಕೂತ. ನನ್ನ ಕುರ್ಚಿಯಿಂದ ಎದ್ದು ಅಲ್ಲಿಯವರೆಗೆ ನಡೆದು ನೋಡಿದೆ. ಆರು ಹೆಜ್ಜೆ.